ಸುಳ್ಳು ರೋಗಿಯ ನಿಜವಾದ ಗಂಟು

"ಉಗುಳು ನುಂಗಿ."

ಅವನು ನುಂಗಿದ.

ಅವಳ ಎರಡು ಬೆರಳುಗಳು ಅವನ ಗಂಟಲಿನ ಬುಡದ ಮೇಲಿದ್ದವು. ಚರ್ಮದ ಕೆಳಗೆ ಗೋಲಿಯಷ್ಟು ಗಟ್ಟಿಯಾದದ್ದೇನೋ ಮೇಲೆ ಹೋಗಿ ಕೆಳಗೆ ಬಂತು.

"ಇನ್ನೊಮ್ಮೆ."

ಅವಳ ಮುಖ ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಬೆಳಗಿನಿಂದ ಹನ್ನೊಂದು ಡಾಕ್ಟರುಗಳು ಅವನ ಕುತ್ತಿಗೆ ಮುಟ್ಟಿ ಹೋಗಿದ್ದರು. ಯಾರ ಕಣ್ಣೂ ಹೀಗೆ ತಟ್ಟನೆ ನಿಂತಿರಲಿಲ್ಲ. ಅವನಿಗೆ ತನ್ನ ಮುಂದಿನ ಮಾತೇ ಮರೆತುಹೋಯಿತು.

ಮೂಲೆಯಲ್ಲಿ ಕೂತಿದ್ದ ಪರೀಕ್ಷಕರು ಹಾಳೆಯಿಂದ ತಲೆ ಎತ್ತದೆ ಹೇಳಿದರು, "ಕುತ್ತಿಗೆ ಸಹಜವಾಗಿದೆ ಅಂತ ಇಟ್ಕೊಳ್ಳಿ. ಮುಂದೆ ಹೋಗಿ."

"ಸಹಜವಾಗಿಲ್ಲ ಸರ್."

"ಇಟ್ಕೊಳ್ಳಿ ಅಂದೆನಲ್ಲ!"

ಅದು ಪರೀಕ್ಷೆ. ಬೇರೆ ದೇಶದಲ್ಲಿ ಓದಿದ ಡಾಕ್ಟರು ಇಲ್ಲಿ ರೋಗಿಗಳನ್ನು ನೋಡಬೇಕಾದರೆ ಇದನ್ನು ದಾಟಲೇಬೇಕು. ಸಾಲಾಗಿ ಹತ್ತು ಕೋಣೆ, ಒಂದೊಂದಕ್ಕೆ ಎಂಟು ನಿಮಿಷ. ಪ್ರತಿ ಕೋಣೆಯಲ್ಲೂ ಕಾಯಿಲೆಯನ್ನು ಬಾಯಿಪಾಠ ಮಾಡಿಕೊಂಡು ಕೂತ ಒಬ್ಬ ನಟ. ಇವನ ಪಾಲಿಗೆ ಬಂದದ್ದು ಮೂರು ದಿನದ ಗಂಟಲು ನೋವು. ಇದಕ್ಕೆ ಆಂಟಿಬಯಾಟಿಕ್ ಮಾತ್ರೆ ಬೇಕಿಲ್ಲವೆಂದು ಅವನನ್ನು ಒಪ್ಪಿಸಿದರೆ ಪೂರ್ತಿ ಅಂಕ.

ಒಪ್ಪಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಗಂಟಿನ ಮೇಲೆ ಎರಡು ನಿಮಿಷ ಹೋಗಿತ್ತು.

ಪಾತ್ರದ ಹೊರಗೆ ರೋಗಿಯ ಜೊತೆ ಒಂದು ಮಾತೂ ಆಡಬಾರದೆಂಬುದು ಅವಳಿಗೆ ಕಂಠಪಾಠವಾಗಿದ್ದ ನಿಯಮ. ಇದು ತನ್ನ ಮೂರನೇ ಸಲ, ನಾಲ್ಕನೇ ಸಲ ಅನ್ನುವುದು ಇಲ್ಲ ಎಂಬುದೂ ಗೊತ್ತಿತ್ತು. ಆದರೂ ಗಂಟೆಯ ಸದ್ದಿನಲ್ಲಿ ಅವಳು ಬಗ್ಗಿದಳು.

"ನೀವು ನಟರು ಅಂತ ಗೊತ್ತು. ಈ ಗಂಟು ನಟನೆ ಅಲ್ಲ. ಈ ವಾರಾನೇ ಯಾರಿಗಾದ್ರೂ ತೋರಿಸಿ."

ಬಾಗಿಲು ಮುಚ್ಚಿಕೊಂಡಿತು. ಅವನು ಕೈಯನ್ನು ಕುತ್ತಿಗೆಗೆ ಒಯ್ದ.

* * *

ಆರು ವಾರದ ಮೇಲೆ ಪತ್ರ ಬಂತು. ಭಾವ ಅದನ್ನು ಊಟದ ಮೇಜಿನ ಮೇಲಿಟ್ಟು ಜೋರಾಗಿ ಓದಿದರು.

"'ರೋಗಿಯ ಪಾತ್ರ ವಹಿಸಿದವರ ಲಿಖಿತ ಹೇಳಿಕೆಯ ಆಧಾರದ ಮೇಲೆ, ನಿಯಮ ಮೀರಿ ಮಾತನಾಡಿದ್ದಕ್ಕಾಗಿ, ಏಳನೇ ಕೋಣೆಯ ಅಂಕಗಳನ್ನು ರದ್ದು ಮಾಡಲಾಗಿದೆ...' ಅಂದ್ರೆ ನಪಾಸು."

ಲಿಖಿತ ಹೇಳಿಕೆ!

ಅವಳ ಮೈ ಉರಿದುಹೋಯಿತು. 'ಪ್ರಾಣ ಉಳಿಸ್ಕೋ ಅಂತ ಹೇಳಿದ್ದಕ್ಕೆ ದೂರು ಬರೆದಿದಾನೆ! ಎಂಥ ಮನುಷ್ಯ ಇವನು?'

"ಮೇಲ್ಮನವಿಗೆ ಮೂವತ್ತು ದಿನ ಇದೆ," ಅಂದರು ಭಾವ. "ತಪ್ಪಾಯ್ತು, ಇನ್ನೊಮ್ಮೆ ಮಾಡಲ್ಲ ಅಂತ ಬರ್ಕೊಡು. ಕ್ಷಮೆ ಕೇಳಿದೋರಿಗೆ ದಯೆ ತೋರಿಸ್ತಾರಂತೆ."

"ತಪ್ಪಾಗಿಲ್ವಲ್ಲ ಭಾವ."

"ನಿನ್ನ ಕಥೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನೋ ಹಾಗಾಯ್ತು," ಎಂದು ಅಕ್ಕ ಕುಕ್ಕರಿನ ಮುಚ್ಚಳ ಕುಕ್ಕಿದಳು. "ಸ್ವಲ್ಪ ಬಗ್ಗಿದ್ರೆ ಏನೇ ಹೋಗುತ್ತೆ?"

"ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಅಮ್ಮಾನೇ ಹೇಳ್ಕೊಟ್ಟಿದ್ದು."

ಕೋಣೆಯೊಳಗಿನಿಂದ ಅಮ್ಮನ ದನಿ ಬಂತು: "ನನ್ನ ಯಾಕೆ ಎಳೀತೀಯ ಮಧ್ಯಕ್ಕೆ!"

ಅಮ್ಮನನ್ನು ಅಕ್ಕ ತನ್ನ ಬಳಿಗೆ ಕರೆಸಿಕೊಂಡ ಮೇಲೆ ಅವಳೂ ಹಿಂದೆಯೇ ಬಂದಿದ್ದಳು. ತನ್ನ ದೇಶದಲ್ಲಿ ಎಂಟು ವರ್ಷ ದಿನಕ್ಕೆ ಅರವತ್ತು ರೋಗಿಗಳನ್ನು ನೋಡಿದವಳು ಇಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳು. ಈ ಮನವಿ ಬಿದ್ದುಹೋದರೆ ನಿವೃತ್ತಿಯವರೆಗೂ ಅದೇ ಸೂಜಿ, ಅದೇ ಟ್ಯೂಬು.

* * *

ಲ್ಯಾಬಿನ ಹಿರಿಯಕ್ಕನಿಗೆ ಅವಳನ್ನು ಕೆಣಕದೆ ಬೆಳಗಾಗುತ್ತಿರಲಿಲ್ಲ.

"ಡಾಕ್ಟ್ರಮ್ಮಾ, ಮೂರನೇ ಕುರ್ಚೀಲಿ ಗಿರಾಕಿ. ನೋಡೋಕೆ ಚೆನ್ನಾಗಿದಾನೆ, ನೀನೇ ಚುಚ್ಚು."

ಅವಳು ಪರದೆ ಸರಿಸಿದಳು. ಅವನು ತೋಳು ಮಡಚಿ ಕೂತಿದ್ದ. ಕಾಲರಿನ ಮೇಲೆ ಗಂಟು ಈಗ ಬರಿಗಣ್ಣಿಗೇ ಕಾಣುತ್ತಿತ್ತು, ಅಥವಾ ಅವಳಿಗೆ ಹಾಗನ್ನಿಸಿತು.

"ನೀವು..." ಅವನು ಎದ್ದೇಬಿಟ್ಟ. "ನಿಮ್ಮನ್ನ ಎಷ್ಟು ಹುಡುಕ್ದೆ ಗೊತ್ತಾ? ಹೆಸರು ಕೊಡಲ್ಲ ಅಂದ್ಬಿಟ್ರು!"

"ಕೂತ್ಕೊಳ್ಳಿ. ಕೈ ಚಾಚಿ."

ಅವಳು ತೋಳಿಗೆ ಪಟ್ಟಿ ಬಿಗಿದಳು. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಗಿಯಿತು.

"ಯಾಕೆ ಹುಡುಕಿದ್ರಿ? ಒಂದು ದೂರು ಸಾಲಲಿಲ್ವಾ?"

"ದೂರಾ? ಯಾವ ದೂರು?"

"ಬರೆದುಕೊಟ್ರಲ್ಲ. ಪಾತ್ರ ಬಿಟ್ಟು ಮಾತಾಡಿದ್ಲು ಅಂತ."

"ಅಯ್ಯೋ... ದಿನದ ಕೊನೆಗೆ ನಮಗೊಂದು ಫಾರಂ ಕೊಡ್ತಾರೆ. ಯಾವ ಡಾಕ್ಟರು ರೋಗಿಗೆ ಗೌರವ ಕೊಟ್ರು ಅಂತ ಕೇಳಿರ್ತಾರೆ. ನಾನು ಬರೆದೆ: 'ಹನ್ನೆರಡನೆಯವರು ಹೋಗೋವಾಗ ನನ್ನ ಕುತ್ತಿಗೆಯಲ್ಲಿ ನಿಜವಾದ ಗಂಟಿದೆ, ತೋರಿಸಿ ಅಂತ ಹೇಳಿದರು. ಇಂಥ ಡಾಕ್ಟರು ಎಲ್ಲರಿಗೂ ಸಿಗಲಿ.' ಅಷ್ಟೇ! ಹೊಗಳಿದ್ದು ನಾನು!"

ಅವಳ ಕೈ ನಿಂತಿತು.

"ಹೊಗಳಿದ್ರಾ?"

"ಎರಡು ಆಶ್ಚರ್ಯಸೂಚಕ ಬೇರೆ ಹಾಕಿದ್ದೆ."

"ನನ್ನನ್ನ ಹೊಗಳೋಕೆ ನಿಮಗೆ ಬೇರೆ ಜಾಗಾನೇ ಸಿಗಲಿಲ್ವಾ?" ಅವಳ ದನಿ ಏರಿತು. "ಅದೇ ಸಾಲು ಹಿಡ್ಕೊಂಡು ನಪಾಸು ಮಾಡಿದಾರೆ. ಮೂರನೇ ಸಲ. ಇನ್ನು ನನಗೆ ಪರೀಕ್ಷೇನೇ ಇಲ್ಲ!"

ಪರದೆಯ ಆಚೆಯಿಂದ ಹಿರಿಯಕ್ಕ ಇಣುಕಿ ನೋಡಿದಳು.

ಅವನ ಮುಖ ಬಿಳಿಚಿತು. ಆಮೇಲೆ ಒಂದೊಂದೇ ಮಾತು ಹೊರಬಂತು. ಸ್ಕ್ಯಾನ್ ಆಗಿದೆ. ಗಂಟಿಗೆ ಸೂಜಿ ಹಾಕಿ ನೋಡಿದ್ದಾರೆ, ಕ್ಯಾನ್ಸರ್ ಇರಬಹುದು ಅಂದಿದ್ದಾರೆ. ಮುಂದಿನ ಸೋಮವಾರ ಆಪರೇಷನ್. ಈ ರಕ್ತ ಅದಕ್ಕೇ.

ಅವಳು ಒಂದೇ ಚುಚ್ಚಿಗೆ ನಾಳ ಹಿಡಿದಳು. ಅವನಿಗೆ ನೋವೇ ಆಗಲಿಲ್ಲ.

"ನಾನು ಹೋಗಿ ಹೇಳ್ತೀನಿ," ಅಂದ ಅವನು. "ನೀವು ಏನೂ ಹೇಳ್ಲಿಲ್ಲ, ನಾನೇ ಕಲ್ಪಿಸ್ಕೊಂಡು ಬರೆದೆ ಅಂತ. ನಂಬೋ ಹಾಗೆ ಹೇಳ್ತೀನಿ."

"ಬೇಡ. ಸುಳ್ಳು ಹೇಳೋದು ನಿಮ್ಮ ಕಸುಬು, ನನ್ನದಲ್ಲ."

ಅವನು ತಲೆ ತಗ್ಗಿಸಿದ. ಹತ್ತಿಯನ್ನು ಒತ್ತಿ ಹಿಡಿದು, ಥ್ಯಾಂಕ್ಸ್ ಕೂಡ ಹೇಳದೆ ಹೊರಟುಹೋದ.

"ಸುಳ್ಳು ರೋಗಿ ಪಾಪ, ಮುಖ ಬಾಡಿಸ್ಕೊಂಡು ಹೋದ," ಅಂದಳು ಹಿರಿಯಕ್ಕ. "ನಿನ್ನ ನಾಲಿಗೆ ಸೂಜಿಗಿಂತ ಚೂಪು ಕಣೇ."

* * *

ಭಾನುವಾರ ಮಧ್ಯಾಹ್ನ ಅವಳು ಆಸ್ಪತ್ರೆಯಲ್ಲಿ ಅವನಿದ್ದ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಣ್ಣಿಲ್ಲ, ಹೂವಿಲ್ಲ. ಒಂದು ಚೀಟಿ ಇತ್ತು.

"ನಾಳೆ ಸರ್ಜನ್ ಬಂದಾಗ ಈ ಮೂರು ಪ್ರಶ್ನೆ ಕೇಳಿ. ಮೊದಲನೇದು ದನಿಯ ನರದ ಬಗ್ಗೆ. ಅದು ಗಂಟಿನ ಹಿಂದೇನೇ ಹಾದುಹೋಗುತ್ತೆ."

ಅವನು ಚೀಟಿಯನ್ನು ನೋಡುತ್ತಲೇ ಇದ್ದ. "ದನಿ ಹೋದ್ರೆ?"

"ಹೋದ್ರೆ ಬೇರೆ ಕೆಲಸ ಹುಡುಕ್ಕೊಳ್ಳಿ. ನಾನು ಹುಡುಕ್ಲಿಲ್ವಾ?"

ಅವನಿಗೆ ನಗು ಬಂತು. ನಗುತ್ತಿದ್ದವನ ಕಣ್ಣು ತುಂಬಿತು. ಬೆಳಗಿನಿಂದ ಬಂದವರೆಲ್ಲ 'ಏನೂ ಆಗಲ್ಲ, ಏನೂ ಆಗಲ್ಲ' ಅಂದಿದ್ದರು. ಆಗಬಹುದು ಅಂತ ಹೇಳಿದವಳು ಇವಳೊಬ್ಬಳು.

"ಮೊನ್ನೆ ಅಂದದ್ದು..." ಅವಳು ಕಿಟಕಿ ಕಡೆ ತಿರುಗಿದಳು. "ನಿಮ್ಮ ಕಸುಬಿನ ಬಗ್ಗೆ ಹಾಗೆ ಅನ್ನಬಾರದಿತ್ತು."

"ಕ್ಷಮೆ ಕೇಳ್ತಿದೀರಾ?"

"ಇದು ತಪ್ಪು. ತಪ್ಪಿಗೆ ಕೇಳ್ತೀನಿ. ಆ ಪರೀಕ್ಷೆಯೋರ ಹತ್ರ ಕೇಳಲ್ಲ."

'ಇನ್ನೂ ಸ್ವಲ್ಪ ಹೊತ್ತು ಕೂರು' ಅಂತ ಅವಳ ಮನಸ್ಸು ಹೇಳಿತು. ಅವಳು ಕೂತಳು. ನರ್ಸ್ ಬಂದು ಎಬ್ಬಿಸುವವರೆಗೂ ಕೂತಿದ್ದಳು.

* * *

ಮನವಿಯ ವಿಚಾರಣೆಗೆ ಉದ್ದನೆಯ ಮೇಜು. ಅದರ ಆಚೆ ಮೂವರು. ನಡುವೆ ಕೂತವರು ನರೆತ ಕೂದಲಿನ ಡಾಕ್ಟರಮ್ಮ, ಸಮಿತಿಯ ಅಧ್ಯಕ್ಷೆ.

"ನಿಯಮ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಮುರಿದ್ರಿ."

"ಮುರಿದೆ."

"ಪರೀಕ್ಷೆ ಮುಗಿದ ಮೇಲೆ ಕಚೇರಿಗೆ ತಿಳಿಸಬಹುದಿತ್ತಲ್ಲ?"

"ಕೋಣೇಲೇ ಪರೀಕ್ಷಕರಿಗೆ ಹೇಳಿದೆ ಮೇಡಂ. ಸಹಜ ಅಂತ ಇಟ್ಕೊಳ್ಳಿ ಅಂದ್ರು. ಕಚೇರಿಯೋರು ಹಾಗನ್ನಲ್ಲ ಅಂತ ಯಾವ ಧೈರ್ಯದಲ್ಲಿ ನಂಬಲಿ? ಇಟ್ಕೊಳ್ಳೋಕೆ ಅದು ಲೆಕ್ಕದ ಎಕ್ಸ್ ಅಲ್ಲ, ಮನುಷ್ಯನ ಕುತ್ತಿಗೆ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಇನ್ನೊಮ್ಮೆ ಇಂಥದೇ ಆದ್ರೆ?"

ಇದಕ್ಕೆ ಭಾವ ಒಂದು ವಾರ ಉತ್ತರ ಕಲಿಸಿದ್ದರು. ಉತ್ತರ ನಾಲಿಗೆ ತುದಿಯಲ್ಲೇ ಇತ್ತು...

"ಇನ್ನೊಮ್ಮೆ ಮುರೀತೀನಿ."

ಎಡಗಡೆ ಕೂತಿದ್ದವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನಿಮಗೆ ಲೈಸೆನ್ಸ್ ಯಾಕೆ ಕೊಡಬೇಕು?"

"ಕೊಡಬೇಡಿ! ಆದ್ರೆ ಕಾರಣ ಸರಿಯಾಗಿ ಬರೀರಿ ಸರ್. ಗಂಟಿದ್ದ ಕುತ್ತಿಗೇಲಿ ಗಂಟಿದೆ ಅಂದ್ಲು, ಅದಕ್ಕೆ ನಪಾಸು ಅಂತ. ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸ್ಕೋತೀನಿ."

ಅವಳು ರದ್ದತಿಯ ಪತ್ರವನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು.

ಆಗ ಅವನನ್ನು ಕರೆದರು. ಹೇಳಿಕೆ ಬರೆದವನು ಅವನೇ ಆದ್ದರಿಂದ ಸಮಿತಿಯೇ ಬರಹೇಳಿತ್ತು. ಕುತ್ತಿಗೆಗೆ ಪಟ್ಟಿ. ಬಾಯಿ ತೆರೆದರೆ ಬಂದದ್ದು ಮಾತಲ್ಲ, ಮರಳು ಕಾಗದ ಉಜ್ಜಿದಂಥ ಸದ್ದು.

"ನಾನು ಬರೆದದ್ದು ದೂರಲ್ಲ," ಅಂದ. ಒಂದೊಂದು ಪದಕ್ಕೂ ಉಸಿರು ಎಳೆದುಕೊಂಡ. "ಅವತ್ತು ಹದಿನಾಲ್ಕು ಜನ ಬಂದ್ರು. ಹದಿಮೂರು ಜನ ಪಾತ್ರದ ಕುತ್ತಿಗೆ ಮುಟ್ಟಿದ್ರು. ಇವರು ನನ್ನ ಕುತ್ತಿಗೆ ಮುಟ್ಟಿದ್ರು. ತೆಗೆದ ಗಂಟಿನ ರಿಪೋರ್ಟು ಇಲ್ಲಿದೆ... ಕ್ಯಾನ್ಸರ್. ಬೇಗ ಸಿಕ್ತು ಅಂದಿದಾರೆ."

ಅವಳು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು. ಈ ಮೂವರ ಮುಂದೆ ಅಳುವುದಿಲ್ಲವೆಂದು ಅವಳು ಬೆಳಿಗ್ಗೆಯೇ ತೀರ್ಮಾನಿಸಿದ್ದಳು.

ಅರ್ಧ ಗಂಟೆಯ ಮೇಲೆ ತೀರ್ಪು ಬಂತು. ಅಂಕ ತಿದ್ದಲಾಗದು. ಆದರೆ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಮ್ಮೆ ಕೂರಬಹುದು.

ಹೊರಗೆ, ನೀರಿನ ಯಂತ್ರದ ಪಕ್ಕ, ಅವನು ಕಾಯುತ್ತಿದ್ದ.

"ನಿಮ್ಮ ಕೆಲಸ?" ಅವಳು ಕೇಳಿದಳು.

"ಪರೀಕ್ಷೆ ಕೆಲಸಾನಾ? ಹೋಯ್ತು. ಕುತ್ತಿಗೇಲಿ ಗೀರು ಬಿದ್ದಿದೆಯಲ್ಲ, ಇನ್ನು ಸಹಜ ಅಂದ್ರೆ ಯಾರು ನಂಬ್ತಾರೆ?" ನಕ್ಕ. ನಗು ಕೆಮ್ಮಾಯಿತು. "ನಿಮಗೊಂದು ಮಾತು ಹೇಳ್ಬೇಕು. ನಾನು ನಿಮ್ಮನ್ನ..."

"ಬೇಡ. ಹೇಳ್ಬೇಡಿ."

ಅವನು ಹೆಜ್ಜೆ ಹಿಂದಿಟ್ಟ. "ಋಣ ತೀರಿಸ್ತಿದಾನೆ ಅನ್ಕೊಂಡ್ರಾ?"

"ಅನ್ಕೊಳ್ಲಿಲ್ಲ. ಬೇರೆಯವರು ಅನ್ಕೋತಾರೆ. ಅವಳ ಕಡೆಯೋನು ಬಂದು ಹೇಳ್ದ, ಪಾಸು ಮಾಡಿದ್ರು ಅಂತಾರೆ. ಎಂಟು ವರ್ಷದ ನನ್ನ ಕೆಲಸ ಯಾರದೋ ಉಪಕಾರ ಆಗಿ ಹೋಗುತ್ತೆ. ನಾನು ಲೈಸೆನ್ಸ್ ತಗೊಳ್ಳೋವರೆಗೂ ನನ್ನ ಕಣ್ಣಿಗೆ ಬೀಳ್ಬೇಡಿ."

"ಎಷ್ಟು ದಿನ?"

"ಗೊತ್ತಿಲ್ಲ. ಪರೀಕ್ಷೆ ಬೇರೆ, ಆಮೇಲೆ ಇನ್ನೊಬ್ಬ ಡಾಕ್ಟರ ಕಣ್ಣಳತೇಲಿ ಹನ್ನೆರಡು ವಾರ ಕೆಲಸ."

ಅವನು ತಲೆಯಾಡಿಸಿ ಹೊರಟ. ಅವಳು ಕರೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಯಾರೂ ನೋಡದಾಗ, ಬಿಕ್ಕಿಬಿಕ್ಕಿ ಅತ್ತಳು.

* * *

ಹತ್ತು ತಿಂಗಳಾಯಿತು.

ಅವಳು ಪಾಸಾದಳು. ಹನ್ನೆರಡು ವಾರವೂ ಮುಗಿಯಿತು. ಅಕ್ಕ ಲೈಸೆನ್ಸಿನ ಕಾಗದವನ್ನು ಓಣಿಗೆಲ್ಲ ತೋರಿಸಿ ಬಂದಳು. "ನಾನು ಅವತ್ತೇ ಹೇಳಿದ್ದೆ, ಬಗ್ಗಬೇಡ ಅಂತ," ಅಂದಳು. ಯಾರೂ ತಿದ್ದುವ ಗೋಜಿಗೆ ಹೋಗಲಿಲ್ಲ.

ಹೊಸ ಕ್ಲಿನಿಕ್ಕಿನಲ್ಲಿ ಅವಳದು ಎರಡನೇ ಕೋಣೆ. ಮೊದಲ ವಾರವೇ ಜನ ಸಾಲು ನಿಂತಿದ್ದರು. ಈ ಊರಲ್ಲಿ ಮನೆ ಸಿಕ್ಕೀತು, ಹೆಸರು ಬರೆಸಿಕೊಳ್ಳುವ ಮನೆ ಡಾಕ್ಟರು ಸಿಗುವುದು ಕಷ್ಟ.

ಸಂಜೆ ಐದಕ್ಕೆ ಕೊನೆಯ ಹೊಸ ರೋಗಿಯ ಫಾರಂ ಹಿಡಿದು ಅವಳು ಬಾಗಿಲಿಗೆ ಬಂದಳು. ಕುರ್ಚಿಯಲ್ಲಿ ಅವನು ಕೂತಿದ್ದ.

ಇಷ್ಟು ದಿನ ರೇಡಿಯೋ ನಾಟಕದಲ್ಲಿ ಅವನ ದನಿ ಬಂದಾಗೆಲ್ಲ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸುತ್ತಿದ್ದಳು. ದನಿ ಮರಳಿತ್ತು, ಸ್ವಲ್ಪ ಒಡೆದೇ ಮರಳಿತ್ತು. ಅವಳಿಗೆ ಅದೇ ಹಿಡಿಸಿತ್ತು.

"ಹೊಸ ರೋಗಿಗಳನ್ನ ತಗೋತೀರಂತೆ," ಅಂದ ಅವನು.

ಅವಳು ಫಾರಂ ಓದಿದಳು. ಅದರ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ನಿಮ್ಮನ್ನ ತಗೊಳ್ಳಕ್ಕಾಗಲ್ಲ."

ಅವನ ಮುಖ ಇಳಿಯಿತು. "ಯಾಕೆ? ಇನ್ನೂ ಕೋಪಾನಾ?"

"ಲೈಸೆನ್ಸ್ ಜೊತೆ ನಿಯಮದ ಪುಸ್ತಕ ಕೊಟ್ಟಿದಾರೆ. ಡಾಕ್ಟರಾದೋಳು ತನ್ನ ರೋಗೀನ ಪ್ರೀತಿಸೋ ಹಾಗಿಲ್ಲ."

ಅವನು ಗೆರೆ ಎಳೆದ ಫಾರಂ ನೋಡಿದ, ಅವಳನ್ನು ನೋಡಿದ, ಆಮೇಲೆ ಅರ್ಥವಾಯಿತು.

"ನೀವು ನಿಯಮ ಮುರಿಯೋರಲ್ವಾ?"

"ಕೆಟ್ಟ ನಿಯಮ ಮುರೀತೀನಿ. ಇದು ಒಳ್ಳೇದು. ಪಕ್ಕದ ಕೋಣೆ ಡಾಕ್ಟರ ಹತ್ರ ಹೆಸರು ಬರೆಸು."

"ಬರೆಸಿ?"

"ಆರಕ್ಕೆ ನನ್ನ ಕೆಲಸ ಮುಗಿಯುತ್ತೆ."

"ಇಲ್ಲೇ ಕಾಯಲಾ?"

"ಹೊರಗೆ ಕಾಯಿ," ಅಂದಳು ಅವಳು, ನಗು ತಡೆಯಲಾರದೆ. "ಈ ಕುರ್ಚಿ ರೋಗಿಗಳಿಗೆ."