ಉತ್ತರ ನೋಟಿಸಿನ ಮೇಲಿನ ಸೀಲು

“ಏನು ಬೇಕಾದ್ರೂ ಬರೀರಿ ಸಾರ್. ಷರತ್ತು ಕುದುರಲಿಲ್ಲ ಅನ್ನಿ, ರಾಜಿಗೆ ಕರೀರಿ, ಕೋರ್ಟಿಗೇ ಎಳೀರಿ. ಮಾತೇ ಕೊಟ್ಟಿಲ್ಲ ಅಂತ ಮಾತ್ರ ಬರೀಬೇಡಿ. ಬರೆದು ನಾನು ಕೆತ್ತಿಕೊಟ್ಟ ನಿಮ್ಮ ಹೆಸರಿನ ಸೀಲು ಒತ್ತಿದ್ರೆ, ನೀವು ಕೊಟ್ಟ ಮಾತೂ ಅಳಿಸಿಹೋಗುತ್ತೆ.”

ಸೀಲು ಕೆತ್ತುವವಳು ಇಷ್ಟು ಹೇಳಿ ಬಾಗಿಲ ಬಳಿಯೇ ನಿಂತಳು. ಊರಿಗೆ ಹೊಸಬನಾದ ವಕೀಲ ನಕ್ಕ. “ಮಾಟ ಮಂತ್ರಕ್ಕೆ ಯಾವ ಸೆಕ್ಷನ್ನಮ್ಮಾ?” ಎಂದು ಕಿಚಾಯಿಸಿದ.

ನಗುವ ಮುಖ ಅವನಿಗೆಲ್ಲಿತ್ತು? ಪ್ರೆಸ್ಸಿನ ಯಜಮಾನ “ಇನ್ನು ನೀನು ಅರ್ಧ ಪಾಲುದಾರಳು” ಎಂದು ಅವಳಿಗೆ ಮಾತು ಕೊಟ್ಟ ದಿನ ಇದೇ ವಕೀಲ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಹೀರಿದ್ದ. ಆ ಮಾತು ನಂಬಿ ಅವಳು ತನ್ನ ಅಂಗಡಿ ಮುಚ್ಚಿ, ಯಂತ್ರಗಳನ್ನೆಲ್ಲ ಪ್ರೆಸ್ಸಿಗೆ ಸಾಗಿಸಿದ್ದಳು. ಆಮೇಲೆ ಯಜಮಾನ ಕೈ ಎತ್ತಿಬಿಟ್ಟ; ಅವಳು ಪಾಲು ಕೇಳಿ ನೋಟಿಸು ಕಳಿಸಿದಳು. ಬಾಯಿಮಾತಿನ ಪಾಲುದಾರಿಕೆಯೂ ಸಾಕ್ಷಿ ಇದ್ದರೆ ನಿಲ್ಲುತ್ತದೆ ಎಂದು ವಕೀಲನಿಗೆ ಗೊತ್ತು. ಆ ಸಾಕ್ಷಿ ತಾನೊಬ್ಬನೇ ಎಂಬುದೂ ಗೊತ್ತು. ಆದರೂ ಊರಲ್ಲಿ ಸಿಕ್ಕ ಮೊದಲ ಕಕ್ಷಿದಾರನಾದ ಯಜಮಾನ ಕೈತಪ್ಪಿ ಹೋದಾನೆಂಬ ಭಯ. ಅವಳ ನೋಟಿಸಿಗೆ ಉತ್ತರ ಬರೆದ: ‘ನನ್ನ ಕಕ್ಷಿದಾರರು ಅಂಥ ಯಾವ ಮಾತನ್ನೂ ಕೊಟ್ಟಿಲ್ಲ.’ ಸೀಲು ಒತ್ತಿದ.

ರಬ್ಬರ್ ಸುಟ್ಟ ಕಮಟು ವಾಸನೆ ಕೋಣೆಯನ್ನು ತುಂಬಿತು. ಕಾಗದದ ಮೇಲೆ ಬರೀ ಕಪ್ಪು ವೃತ್ತ. ಒಳಗೆ ಹೆಸರಿಲ್ಲ. ಮತ್ತೆ ಒತ್ತಿದ. ಹೆಸರಿಲ್ಲ. ಶಾಯಿ ಒಣಗಿರಬೇಕು ಎಂದುಕೊಂಡು ಅದನ್ನೇ ಅಂಚೆಗೆ ಹಾಕಿ ಮನೆಗೆ ಹೋದ.

ಹೆಂಡತಿ ಬಾಗಿಲನ್ನು ಅರ್ಧ ತೆರೆದಳು. “ಯಾರು ಬೇಕಿತ್ತು?”

ತಮಾಷೆ ಅಂದುಕೊಂಡ. ಅವಳ ಕಣ್ಣಲ್ಲಿ ತಮಾಷೆ ಇರಲಿಲ್ಲ. ಅವಳ ಬೆನ್ನ ಹಿಂದೆ ಕತ್ತಲು. ಅದೇ ಕಮಟು. ಗೋಡೆಯ ಮದುವೆ ಫೋಟೋದಲ್ಲಿ ಅವಳಿದ್ದಳು. ಪಕ್ಕದಲ್ಲಿ ಕಪ್ಪು ವೃತ್ತ. ವೃತ್ತದೊಳಗೆ ಯಾರೂ ಇಲ್ಲ. ನಿನ್ನ ಕೈ ಬಿಡಲ್ಲ ಅಂತ ಮದುವೆಯಲ್ಲಿ ಮಾತು ಕೊಟ್ಟಿದ್ದೆನಲ್ಲ ಎನ್ನಬೇಕೆನಿಸಿತು. ಯಾವ ಬಾಯಲ್ಲಿ ಅನ್ನುವುದು?

“ನಾನು... ನಾನೊಂದು ಸುಳ್ಳು ಬರೆದೆ,” ಎಂದ.

“ಅದನ್ನ ನನಗ್ಯಾಕೆ ಹೇಳ್ತೀರಿ? ಯಾರಿಗೆ ಅನ್ಯಾಯ ಮಾಡಿದ್ರೋ ಅವರಿಗೆ ಹೇಳಿ.” ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಮಾರನೆಯ ದಿನ ಅವನು ಪ್ರೆಸ್ಸಿಗೆ ಹೋಗಿ ಕೇಸು ಬಿಟ್ಟ. ಅಚ್ಚು ಜೋಡಿಸುವವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದಂತೆ, ಯಜಮಾನನ ಎದುರಿಗೇ ಹೇಳಿಕೆ ಬರೆದು, ಅಲ್ಲೇ ತನ್ನ ಯಂತ್ರದ ಬಳಿಯಿದ್ದ ಸೀಲು ಕೆತ್ತುವವಳಿಗೆ ಕೊಟ್ಟ: ‘ಮಾತು ಕೊಟ್ಟದ್ದು ನಿಜ. ನಾನಿದ್ದೆ. ಕೋರ್ಟಿನಲ್ಲೂ ಹೇಳುತ್ತೇನೆ.’ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಕ್ಷಮಿಸಲೂ ಇಲ್ಲ, ಬೈಯಲೂ ಇಲ್ಲ. ಶಾಯಿಯನ್ನು ಊದಿ ಒಣಗಿಸಿ ಕಾಗದ ಮಡಚಿಕೊಂಡಳು.

ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

“ಬನ್ನಿ ಒಳಗೆ. ನೀವು ನನ್ನ ಗಂಡ ಅನ್ನೋದು ನೆನಪಾಯ್ತು,” ಎಂದಳು. “ನಿಮ್ಮನ್ನ ಯಾಕೆ ಒಪ್ಪಿಕೊಂಡೆ ಅನ್ನೋದು ಮಾತ್ರ ನೆನಪಾಗ್ತಿಲ್ಲ.”