ಕತ್ತು ವಾಲಿಸುವ ನೀರುನಾಯಿ

ಮೂರನೆಯ ಸಲವೂ ನನ್ನ ನೀರುನಾಯಿ ಹಳದಿ ಕಾಗದ ಹೊದ್ದುಕೊಂಡು ವಾಪಸು ಬಂತು.

ನಮ್ಮ ಆನಿಮೇಷನ್ ಸ್ಟುಡಿಯೋದಲ್ಲಿ ತಿದ್ದುಪಡಿ ಎಂದರೆ ಹೀಗೇ. ನಾವು ಬಿಡಿಸಿದ್ದರ ಮೇಲೆ ತೆಳ್ಳನೆಯ ಹಳದಿ ಹಾಳೆಯಿಟ್ಟು, ಚಿತ್ರಗಳ ಮೇಲ್ವಿಚಾರಕರಾದ ಕುಜಿ-ಸಾನ್ ಸರಿಯಾದ ಗೆರೆ ಎಳೆದು ಕಳಿಸುತ್ತಾರೆ. ಮೂಲೆಯಲ್ಲಿ ಅವರ ಪುಟ್ಟ ಅಕ್ಷರ: 'ಕತ್ತು ವಾಲಿದೆ. ನೇರ ಮಾಡಿ.'

ದೋಣಿ ನಡೆಸುವ ನೀರುನಾಯಿಯ ಕಥೆಯಿರುವ ಮಕ್ಕಳ ಕಾದಂಬರಿಯೊಂದನ್ನು ಅಜ್ಜಿ ನನಗೆ ಅದೆಷ್ಟು ಸಲ ಓದಿ ಹೇಳಿದ್ದಳೋ. ಊರು ಬಿಟ್ಟು ಹೊರಟ ಹುಡುಗಿ ದೋಣಿಯಲ್ಲಿ ಕೂತು ಮನಸ್ಸು ಬಿಚ್ಚುತ್ತಾಳೆ. ನೀರುನಾಯಿ ಸುಮ್ಮನೆ ಕೇಳುತ್ತದೆ. ಆ ಕಾದಂಬರಿ ನಮ್ಮಲ್ಲಿ ಸಿನಿಮಾ ಆಗುತ್ತದೆಂದು ತಿಳಿದ ದಿನವೇ ಆ ದೃಶ್ಯವನ್ನು ಬೇಡಿ ಪಡೆದಿದ್ದೆ. ಇವತ್ತು ಸಂಜೆಯೊಳಗೆ ಒಪ್ಪಿಗೆಯಾಗದಿದ್ದರೆ ಅದು ಬೇರೆಯವರ ಮೇಜಿಗೆ ಹೋಗುತ್ತಿತ್ತು.

ಕುಜಿ-ಸಾನ್ ತಾವೇ ಎದ್ದು ಬಂದರು. ಅಂಗಿಯ ತೋಳಿಗೆಲ್ಲ ಪೆನ್ಸಿಲ್ ಪುಡಿ.

"ಶಿನೊಹರಾ-ಸಾನ್, ಗದರ್ತಿಲ್ಲ. ಆದ್ರೆ ಯಾವ ನೀರುನಾಯಿ ಹೀಗೆ ಕತ್ತು ವಾಲಿಸುತ್ತೆ ಹೇಳಿ? ಯಾರನ್ನ ನೋಡಿ ಬರೆದ್ರಿ?"

ನನ್ನ ಕಿವಿ ಬಿಸಿಯಾಯಿತು. "ಹಾಗೇ... ಕೈಗೆ ಬಂತು."

ಬಣ್ಣದ ವಿಭಾಗದ ಹಿರಿಯರಾದ ತೊಕಿಯೆ-ಸಾನ್ ಚಹಾ ಹೀರುತ್ತ ಪಕ್ಕದಲ್ಲೇ ನಿಂತಿದ್ದರು. "ಅವಳನ್ನ ಯಾಕಪ್ಪಾ ಗೋಳು ಹುಯ್ಕೋತೀಯ? ಆ ಕನ್ನಡಿ ತಗೊಂಡು ನಿನ್ನನ್ನ ನೀನೇ ನೋಡ್ಕೊ."

ಮುಖಭಾವ ಬಿಡಿಸಲೆಂದು ನಮ್ಮೆಲ್ಲರ ಮೇಜಿನ ಮೇಲೂ ಒಂದು ಕನ್ನಡಿ ಇರುತ್ತದೆ. ಕುಜಿ-ಸಾನ್ ನೋಡಿದರು. ನನ್ನ ಉತ್ತರ ಕೇಳುವಾಗ ಎಡಕ್ಕೆ ವಾಲಿದ್ದ ಅವರ ಕತ್ತು ಇನ್ನೂ ಹಾಗೇ ಇತ್ತು, ಥೇಟ್ ನನ್ನ ನೀರುನಾಯಿ.

"ಅಯ್ಯೋ," ಎಂದರು ಮೆಲ್ಲಗೆ. "ನಾನು ಹೀಗಾ ಇರೋದು?"

"ಯಾರಾದ್ರೂ ಮಾತಾಡುವಾಗ ಮಾತ್ರ," ಎಂದೆ, ಮೇಜನ್ನೇ ನೋಡುತ್ತ.

"ಯಾರಾದ್ರೂ ಅಲ್ಲಮ್ಮ," ತೊಕಿಯೆ-ಸಾನ್ ನಕ್ಕರು. "ಹನ್ನೊಂದು ವರ್ಷದಿಂದ ನೋಡ್ತಿದೀನಿ. ನಾನು ಮಾತಾಡುವಾಗ ಇವನ ಕತ್ತು ಕಂಬದ ಹಾಗೆ ನೆಟ್ಟಗಿರುತ್ತೆ."

ಅಷ್ಟು ಹೇಳಿ ಲೋಟ ಹಿಡಿದು ಹೊರಟೇ ಹೋದರು.

ನಾನು ತಲೆಯೆತ್ತಿದೆ. ಕುಜಿ-ಸಾನ್ ಕಣ್ಣು ತಪ್ಪಿಸಿದರು, ಮತ್ತೆ ನೋಡಿದರು. ಕೆನ್ನೆ ಉಪ್ಪಿನಲ್ಲಿ ನೆನೆಸಿಟ್ಟ ಪ್ಲಮ್ ಹಣ್ಣಿನ ಕೆಂಪು ಬಣ್ಣಕ್ಕೆ ತಿರುಗಿತ್ತು. ಹಳದಿ ಹಾಳೆಯನ್ನು ಎತ್ತಿ, ಮಡಚಿ, ಜೇಬಿಗೆ ಹಾಕಿಕೊಂಡರು. ನನ್ನ ಚಿತ್ರಗಳ ಲಕೋಟೆಯ ಮೇಲೆ ಒಪ್ಪಿಗೆಯ ಮುದ್ರೆ ಒತ್ತಿದರು. ಅದು ಸೊಟ್ಟಗೆ ಬಿತ್ತು.

"ನೀರುನಾಯಿ ಸರಿಯಾಗೇ ಇದೆ," ಎಂದರು. "ಮೂರು ಸಲ ತಿದ್ದಿದ್ರೂ ನನಗೇ ಹೊಳೀಲಿಲ್ಲ."

ನಾನು ಲಕೋಟೆಯನ್ನು ಎದೆಗೊತ್ತಿ ಹಿಡಿದಿದ್ದೆ.

"ಭಾನುವಾರ ಬಿಡುವಿದ್ಯಾ... ಫುಮಿನೊ-ಸಾನ್?"

ಎರಡು ವರ್ಷದಲ್ಲಿ ಮೊದಲ ಸಲ, ಮನೆತನದ ಹೆಸರು ಬಿಟ್ಟು, ನನ್ನ ಹೆಸರು ಹಿಡಿದು ಕರೆದಿದ್ದರು.

"ಇದೆ, ತೆಪ್ಪೆಯ್-ಸಾನ್," ಎಂದೆ, ನಾನೂ ಅವರ ಹೆಸರು ಹಿಡಿದು. "ಬೆಳಗ್ಗೆಯಿಂದಾನೇ ಇದೆ."