ಬದಲಿ ಸ್ವಿಚ್ಚು

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ದೂರು ಮೇಲ್ನೋಟಕ್ಕೆ ಸರಳವಾಗಿಯೇ ಇತ್ತು. ಹೆರಿಗೆ ಆಸ್ಪತ್ರೆಯಲ್ಲಿ ನವಜಾತ ಶಿಶುವನ್ನು ಬೆಚ್ಚಗಿಡುವ ಯಂತ್ರದ ಕೆಳಗೆ ಮಲಗಿಸಿದ್ದಾಗ ಅದರ ಹೊಟ್ಟೆಯ ಮೇಲೆ ಸುಟ್ಟ ಗಾಯಗಳಾಗಿದ್ದವು. ಮಗು ಬದುಕಿತ್ತು. ತಂದೆಯ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಆರೋಪಿ, ಆ ಪಾಳಿಯಲ್ಲಿದ್ದ ನರ್ಸ್.

"ಶಾಖ ಎಷ್ಟಕ್ಕೆ ಇಟ್ಟಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಮೂವತ್ತಾರೂವರೆ. ಯಾವತ್ತೂ ಅಷ್ಟೇ."

"ಹಾಗಾದ್ರೆ ಸುಟ್ಟಿದ್ದು ಹೇಗೆ?"

"ಅದನ್ನ ಮಷೀನನ್ನೇ ಕೇಳಿ, ಮೇಡಂ. ನನ್ನನ್ನಂತೂ ಕೆಲಸದಿಂದ ತೆಗೆದಾಯ್ತು. ಇಷ್ಟು ವರ್ಷ ಕೂಸುಗಳನ್ನ ಎತ್ತಿದ ಕೈಗೆ ಇನ್ನು ಕೋಳ ಒಂದು ಬಾಕಿ."

ಮಾತಿನಲ್ಲಿ ಸಿಟ್ಟಿತ್ತು, ಅಳುಕಿರಲಿಲ್ಲ. ಇನ್ಸ್‌ಪೆಕ್ಟರ್ ಪಂಚರ ಸಮಕ್ಷಮದಲ್ಲಿ ಯಂತ್ರವನ್ನು ಜಫ್ತಿ ಮಾಡಿ, ಪಂಚನಾಮೆ ಬರೆಸಿ, ಪರೀಕ್ಷೆಗೆ ಕಳಿಸಿದರು.

ಬುಧವಾರ ವರದಿ ಬಂತು. ಯಂತ್ರದ ನಿಯಂತ್ರಕ ಕೆಟ್ಟು ಶಾಖ ಏರಿತ್ತು. ಹಾಗಾದರೂ ಮಗುವಿಗೆ ಕುತ್ತು ಬರಬಾರದೆಂದೇ ಒಳಗೊಂದು ಪುಟ್ಟ ಸ್ವಿಚ್ಚಿರುತ್ತದೆ. ಶಾಖ ಮಿತಿ ಮೀರಿದೊಡನೆ ಅದು ತಾನಾಗಿ ತೆರೆದುಕೊಂಡು ವಿದ್ಯುತ್ತನ್ನು ಕಡಿಯಬೇಕು. ಈ ಸ್ವಿಚ್ಚು ಅಂಟಿಕೊಂಡು ಕುಳಿತಿತ್ತು. ಅದು ಮೂಲ ವಿನ್ಯಾಸದಲ್ಲಿ ಹೇಳಿದ ಕಂಪನಿಯದಲ್ಲ, ಬೇರೊಂದು ಕಂಪನಿಯದು.

ಯಂತ್ರ ತಯಾರಿಸಿದ ಕಾರ್ಖಾನೆ ಅದೇ ಊರಿನಲ್ಲಿತ್ತು. ಗುರುವಾರ ಇನ್ಸ್‌ಪೆಕ್ಟರ್ ಮತ್ತು ದಫೇದಾರ ಅಲ್ಲಿಗೆ ಹೋದರು. ಅಲ್ಲಿಂದ ಮುಂದೆ ತನಿಖೆ ಗೋಡೆಗೆ ತಲೆ ಚಚ್ಚಿಕೊಂಡಂತಾಯಿತು.

"ಎರಡೂ ಒಂದೇ, ಮೇಡಂ," ಎಂದ ಗೋದಾಮಿನವನು.

"ಎರಡೂ ಒಂದೇ," ಎಂದ ಮೇಲ್ವಿಚಾರಕ.

ಕಾರ್ಖಾನೆಯವರೆಲ್ಲ 'ದೊಡ್ಡವರು' ಎಂದು ಕರೆಯುವ ಮಾಲೀಕರು ಕುರ್ಚಿಯಿಂದ ಏಳಲೂ ಇಲ್ಲ. "ಒಂದು ಭಾಗಕ್ಕೆ ಒಂದೇ ಕಂಪನಿ ಅಂತ ಕೂತಿರೋಕಾಗಲ್ಲ. ಒಬ್ಬರು ಕೈ ಕೊಟ್ರೆ ಇನ್ನೊಬ್ಬರು. ಖರೀದಿ ನನ್ನ ತಮ್ಮಂದು. ಅವನನ್ನೇ ಕೇಳಿ."

'ಚಿಕ್ಕವರು' ಮೃದು ಮಾತಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. "ಹಳೇ ಕಂಪನಿ ತಯಾರಿಕೆ ನಿಲ್ಲಿಸ್ತು, ಮೇಡಂ. ಸಮಾನವಾದದ್ದನ್ನ ಹುಡುಕಿ ಹಾಕಿದ್ವಿ. ನಮ್ಮ ಎಂಜಿನಿಯರೇ ಪರೀಕ್ಷೆ ಮಾಡಿ ಒಪ್ಪಿದ್ದಾರೆ. ಎರಡೂ ಒಂದೇ."

ಜೀಪು ಹತ್ತುವಾಗ ದಫೇದಾರ ಮೀಸೆಯಡಿಯಲ್ಲೇ ಗೊಣಗಿದ. "ನನ್ನ ಸ್ಕೂಟರಿಗೆ ಬ್ರೇಕ್ ವೈರ್ ಹಾಕಿದವನೂ ಹೀಗೇ ಅಂದಿದ್ದ, ಮೇಡಂ. ಆಮೇಲೆ ನಾನು ಹೋಗಿ ನಿಂತಿದ್ದು ಭಾವಮೈದನ ಅಂಗಡಿ ಒಳಗೆ."

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಲಂಚದ ಜಾಡು ಹಿಡಿದರೆ ಅದೂ ಬರಿದಾಯಿತು: ಯಾರ ಖಾತೆಯಲ್ಲೂ ಸಂಶಯಕ್ಕೆ ಎಡೆಯಿಲ್ಲ. ಇತ್ತ ಮಗುವಿನ ಅಜ್ಜಿ ಠಾಣೆಯ ಬೆಂಚು ಬಿಟ್ಟು ಕದಲುತ್ತಿರಲಿಲ್ಲ. ಮೇಲಧಿಕಾರಿಗಳು ಫೋನ್ ಮಾಡಿ, "ಇನ್ನೂ ಆ ನರ್ಸನ್ನ ಹೊರಗೆ ಬಿಟ್ಟುಕೊಂಡು ಏನು ಮಾಡ್ತಿದ್ದೀರಿ?" ಎಂದು ಗದರಿದರು.

ಶುಕ್ರವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಕಾರ್ಖಾನೆಯ ಪರೀಕ್ಷಾ ಕೊಠಡಿಗೆ ಹೋದರು. ಸ್ವಿಚ್ಚುಗಳನ್ನು ಕಾಯಿಸಿ ಆರಿಸಿ, ಮತ್ತೆ ಕಾಯಿಸಿ ನೋಡುವ ಓವನ್ನಿನ ಪಕ್ಕದಲ್ಲಿ ಎಂಜಿನಿಯರ್ ನಿಂತಿದ್ದಳು. ಅವಳ ಮುಖ ಬಿಳಿಚಿತ್ತು.

"ಕಾಗದದ ಮೇಲೆ ಎರಡಕ್ಕೂ ಒಂದೇ ಅಂಕಿಗಳು," ಎಂದಳು. "ಆದ್ರೆ ಸಾವಿರಾರು ಸಲ ತೆರೆದು ಮುಚ್ಚಿದ ಮೇಲೆ ಹೇಗಿರುತ್ತೆ ಅನ್ನೋದನ್ನ ಅಂಕಿ ಹೇಳಲ್ಲ. ಅದಕ್ಕೇ ಈ ಪರೀಕ್ಷೆ. ಎರಡನೇ ಸಲ ಎಲ್ಲ ಸರಿಯಾಗೇ ತೆರೆದವು."

"ಎರಡನೇ ಸಲ?" ಇನ್ಸ್‌ಪೆಕ್ಟರ್ ಅಲ್ಲೇ ತಡೆದರು. "ಮೊದಲನೇ ಸಲ ಏನಾಗಿತ್ತು?"

"ಒಂದು ಅಂಟಿಕೊಳ್ತು. ಆಗಲ್ಲ ಅಂದೆ. ಕಂಪನಿ ದೋಷ ತಿದ್ದಿ ಹೊಸ ಮಾದರಿ ಕಳಿಸಿದೆ ಅಂತ ಚಿಕ್ಕವರೇ ತಂದುಕೊಟ್ರು."

ಪರೀಕ್ಷೆ ದಾಟಿದ ಮಾದರಿಗಳನ್ನು ಎಸೆಯದೆ ಚೀಲದಲ್ಲಿ ಹಾಕಿ ಮೊಹರು ಮಾಡಿಡುವುದು ಆ ಕೊಠಡಿಯ ಪದ್ಧತಿ. ಪಂಚರನ್ನು ಕರೆಸಿ ಮೊಹರು ಒಡೆಯಲಾಯಿತು. ಇನ್ಸ್‌ಪೆಕ್ಟರ್ ಹತ್ತಿಗೆ ಸ್ಪಿರಿಟ್ ಹಚ್ಚಿ, ತಾವು ತಂದಿದ್ದ, ಯಂತ್ರದಿಂದ ತೆಗೆದ ಸ್ವಿಚ್ಚನ್ನು ಮೊದಲು ಒರೆಸಿದರು. ಕಂಪನಿಯ ಗುರುತು ಅಲುಗಲಿಲ್ಲ. ಮೊಹರಿನ ಚೀಲದ್ದನ್ನು ಒರೆಸಿದರು. ಗುರುತು ಹತ್ತಿಗೆ ಬಂತು. ಅಡಿಯಲ್ಲಿ ಅರದಿಂದ ಉಜ್ಜಿದ ಗೀರುಗಳು, ಗೀರುಗಳ ನಡುವೆ ಹಳೆಯ ಕಂಪನಿಯ ಅರ್ಧ ಉಳಿದ ಮುದ್ರೆ.

"ಎರಡನೇ ಸಲ ನಾನು ಪರೀಕ್ಷೆ ಮಾಡಿದ್ದು ಹಳೇ ಕಂಪನಿ ಸ್ವಿಚ್ಚನ್ನಾ?" ಎಂಜಿನಿಯರ್ ಬಾಗಿ ಆ ಮುದ್ರೆಯನ್ನು ಮತ್ತೊಮ್ಮೆ ನೋಡಿದಳು.

ಹೊಸ ಕಂಪನಿಯ ಪ್ರತಿನಿಧಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ: "ಒಂದೇ ಸಲ ಮಾದರಿ ಕಳಿಸಿದ್ದು, ಮೇಡಂ. ಆಮೇಲೆ ನೇರ ಆರ್ಡರೇ ಬಂತು."

ಆ ಸ್ವಿಚ್ಚಿರುವ ಯಂತ್ರಗಳನ್ನೆಲ್ಲ ಕೂಡಲೇ ಆರಿಸುವಂತೆ ಆಸ್ಪತ್ರೆಗಳಿಗೆ ಸಂದೇಶ ಹೋಯಿತು. ಸಂಜೆ ಚಿಕ್ಕವರು ಠಾಣೆಯಲ್ಲಿ ಎದುರು ಕುಳಿತಿದ್ದರು.

"ಆ ಕಂಪನಿಯವರು ಏನು ಕೊಟ್ರು?"

"ಏನೂ ಇಲ್ಲ."

"ಮತ್ತೆ ಯಾಕೆ?"

ಚಿಕ್ಕವರು ಅಂಗಿಯ ತೋಳನ್ನು ನೀವಿಕೊಳ್ಳುತ್ತ ಹೇಳಿದರು: "ಉತ್ಪಾದನೆ ನಿಂತಿತ್ತು. ಅಣ್ಣ ದಿನಾ ಊಟದ ಹೊತ್ತಲ್ಲಿ, ಎಲ್ಲರ ಮುಂದೆ, 'ಒಂದು ಸ್ವಿಚ್ ತರೋಕೂ ಆಗಲ್ವೇನೋ ನಿನ್ ಕೈಲಿ' ಅನ್ನೋರು. ಸಾವಿರಾರು ಸಲದಲ್ಲಿ ಅಂಟಿದ್ದು ಒಂದೇ ತಾನೇ ಅಂದ್ಕೊಂಡೆ. ಗೋದಾಮಲ್ಲಿ ಉಳಿದಿದ್ದ ನಾಲ್ಕಾರು ಹಳೇ ಸ್ವಿಚ್ಚುಗಳನ್ನ ಉಜ್ಜಿ ಹೊಸ ಕಂಪನಿ ಗುರುತು ಹಾಕ್ಸಿದೆ. ಕೆಲಸ ಮತ್ತೆ ಶುರುವಾದ ದಿನ ಅಣ್ಣ ಹೆಗಲ ಮೇಲೆ ಕೈ ಹಾಕಿದ್ರು, ಮೇಡಂ. ಬುದ್ಧಿ ಬಂದಾಗಿಂದ ಅದೇ ಮೊದಲು."

ಬಂಧನದ ಕಾಗದಗಳಿಗೆ ಸಹಿಯಾಯಿತು. ಆರೋಪಿಗಳ ಪಟ್ಟಿಯಿಂದ ತನ್ನ ಹೆಸರು ಕೈಬಿಡಲಾಗುವುದೆಂದು ಫೋನಿನಲ್ಲಿ ಕೇಳಿದ ನರ್ಸ್, "ಉಳಿದ ಮಷೀನುಗಳನ್ನ ಆರಿಸಿದ್ರಾ?" ಎಂದಷ್ಟೇ ಕೇಳಿದಳು.

ದೊಡ್ಡವರು ಬಂದಾಗ ದಫೇದಾರ ಲಾಕಪ್ಪಿನ ಬೀಗ ಹಾಕುತ್ತಿದ್ದ. ಸರಳುಗಳ ಹಿಂದಿನಿಂದ ತಮ್ಮ ಎದ್ದು ಬಂದು ನಿಂತ. ಅಣ್ಣ ಅತ್ತ ತಿರುಗಲಿಲ್ಲ. ನೇರವಾಗಿ ಇನ್ಸ್‌ಪೆಕ್ಟರರ ಮೇಜಿಗೆ ಬಂದು ಕೇಳಿದರು:

"ನಾವು ಉತ್ಪಾದನೆ ಮತ್ತೆ ಯಾವಾಗ ಶುರು ಮಾಡಬಹುದು, ಮೇಡಂ?"

ಸರಳುಗಳ ಹಿಂದೆ ತಮ್ಮ ಮೆಲ್ಲಗೆ ಹಿಂದೆ ಸರಿದು, ಗೋಡೆಗೆ ಹೆಗಲು ಆನಿಸಿ ಕುಳಿತ.